ಕೈಸರ್ ಕಾಲದ ಜರ್ಮನ್ ಚಿಲ್ಲರೆ: ಯಾವ ದಾರಿಯಲ್ಲಿ ಸಂಗ್ರಹಿಸಬೇಕು?

ಕೈಸರ್ ಎಂಬ ಸಾಮ್ರಾಟರು ಆಳುತ್ತಿದ್ದ ಜರ್ಮನ್ ಸಾಮ್ರಾಜ್ಯದ ಒಂದು ಫೆನಿಗ್ ಕಾಸು ಜರ್ಮನಿಯ ಹಳೇ ಸಾಮಾನಿನ ಸಂತೆಗಳಲ್ಲಿ ಒಂದೆರಡು ಯೂರೋಗೆ ಸಿಗುತ್ತದೆ. ಅದೇ ಹದ್ದು, ಅದೇ ತೂಕ, ಅದೇ ಕಂಚು. ಆದರೆ ಇಸವಿ 1902 ಆಗಿ, ಟಂಕಸಾಲೆಯ ಅಕ್ಷರ ಜೆ ಆಗಿದ್ದರೆ ಬೆಲೆ ನೂರಾರು ಯೂರೋ. ಹೊಸದಾಗಿ ಶುರುಮಾಡುವವರು ತಡಬಡಾಯಿಸುವುದು ಇಲ್ಲೇ. ಬಗೆಗೊಂದರಂತೆ ಕೂಡಿಸುವುದೋ, ಒಂದೇ ಮೌಲ್ಯದ ಎಲ್ಲ ಇಸವಿಗಳನ್ನು ಹಿಡಿಯುವುದೋ, ಟಂಕಸಾಲೆಗಳ ಬೆನ್ನು ಹತ್ತುವುದೋ, ಬೆಳ್ಳಿಯನ್ನಷ್ಟೇ ಆರಿಸುವುದೋ, ಯುದ್ಧಕಾಲದ ಕಬ್ಬಿಣ ಮತ್ತು ಸತುವಿಗೆ ಇಳಿಯುವುದೋ, ಆಗ ಜರ್ಮನ್ ವಸಾಹತಾಗಿದ್ದ ಪೂರ್ವ ಆಫ್ರಿಕಾದ ನಾಣ್ಯಗಳಾದ ಹೆಲ್ಲರ್‌ಗಳ ಕಡೆ ಹೊರಳುವುದೋ? ಪ್ರತಿಯೊಂದಕ್ಕೂ ಬೀಳುವ ಖರ್ಚು ಬೇರೆ, ಬೇಕಾಗುವ ತಾಳ್ಮೆ ಬೇರೆ, ಎದುರಾಗುವ ಮೋಸವೂ ಬೇರೆ.

ಈ ಚಿಲ್ಲರೆಯ ಲೆಕ್ಕಾಚಾರ

1873ರ ಜುಲೈ 9ರ ನಾಣ್ಯ ಕಾಯ್ದೆ ಹಳೆಯ ನಾಣ್ಯಗಳಾದ ಥಾಲರ್, ಗುಲ್ಡನ್, ಕ್ರಾಯ್ಟ್ಸರ್‌ಗಳ ಗೋಜಲನ್ನು ಮುಗಿಸಿ ಇಡೀ ಸಾಮ್ರಾಜ್ಯಕ್ಕೆ 100 ಫೆನಿಗ್‌ಗೆ ಒಂದು ಮಾರ್ಕ್ ಎಂಬ ಲೆಕ್ಕ ತಂದಿತು. ಎರಡು ಮಾರ್ಕ್ ಮತ್ತು ಅದಕ್ಕೂ ಮೇಲಿನ ನಾಣ್ಯಗಳಲ್ಲಿ ಆಯಾ ಸಂಸ್ಥಾನದ ದೊರೆಯ ಮುಖ ಅಥವಾ ಸ್ವತಂತ್ರ ನಗರದ ಲಾಂಛನ ಇರುತ್ತದೆ. ಒಂದು ಮಾರ್ಕ್ ಮತ್ತು ಅದರ ಕೆಳಗಿನದೆಲ್ಲ ಪ್ರಷ್ಯಾದಿಂದ ಬವೇರಿಯಾದವರೆಗೆ ಒಂದೇ ಅಚ್ಚು. ಚಿಲ್ಲರೆ ಸಂಗ್ರಹ ಒಬ್ಬರ ಕೈಯಲ್ಲಿ ಮುಗಿಯುವಂಥದ್ದಾಗಿರುವುದು ಇದರಿಂದಲೇ.

ಅಚ್ಚಿನಲ್ಲಿ ಎರಡು ಕಾಲ. 1889ರವರೆಗಿನ ಹದ್ದು ಚಿಕ್ಕದು, ಎದೆಯ ಮೇಲಿನ ಗುರಾಣಿ ದೊಡ್ಡದು. ಸ್ವಲ್ಪ ಸವೆದ ನಾಣ್ಯದಲ್ಲಿ ಹದ್ದಿಗಿಂತ ಗುರಾಣಿಯೇ ಮೊದಲು ಕಣ್ಣಿಗೆ ಬೀಳುತ್ತದೆ. 1890ರಿಂದ ಹದ್ದು ರೆಕ್ಕೆ ಹರಡಿ ಬಿಲ್ಲೆಯ ತುಂಬ ನಿಲ್ಲುತ್ತದೆ, ಗುರಾಣಿ ಎದೆಯ ನಡುವಿನ ಸಣ್ಣ ತುಣುಕಾಗುತ್ತದೆ. ಇಸವಿ ಮಾಸಿಹೋಗಿದ್ದರೂ ಇದೊಂದನ್ನು ನೋಡಿ ಕಾಲ ಹೇಳಬಹುದು.

ಹದ್ದಿರುವ ಬದಿಯಲ್ಲಿ ಬಾಲದ ಆಸುಪಾಸು ಹುಡುಕಿದರೆ ಟಂಕಸಾಲೆಯ ಪುಟ್ಟ ಅಕ್ಷರ ಸಿಗುತ್ತದೆ. ಎ ಎಂದರೆ ಬರ್ಲಿನ್, ಬಿ ಹ್ಯಾನೋವರ್, ಸಿ ಫ್ರಾಂಕ್‌ಫರ್ಟ್, ಡಿ ಮ್ಯೂನಿಕ್, ಎಫ್ ಸ್ಟುಟ್‌ಗಾರ್ಟ್, ಜಿ ಕಾರ್ಲ್ಸ್‌ರೂಹೆ, ಎಚ್ ಡಾರ್ಮ್‌ಸ್ಟಾಟ್, ಜೆ ಹ್ಯಾಂಬರ್ಗ್. ಇ ಅಕ್ಷರಕ್ಕೆ ಎರಡು ಊರು: 1887ರವರೆಗೆ ಡ್ರೆಸ್ಡನ್, ಆಮೇಲೆ ಮುಲ್ಡನ್‌ಹ್ಯುಟ್ಟನ್. ಹ್ಯಾನೋವರ್ 1878ರಲ್ಲಿ, ಫ್ರಾಂಕ್‌ಫರ್ಟ್ 1879ರಲ್ಲಿ, ಡಾರ್ಮ್‌ಸ್ಟಾಟ್ 1882ರಲ್ಲಿ ನಿಂತುಹೋದವು. ಹೀಗಾಗಿ ಬಿ, ಸಿ, ಎಚ್ ಅಕ್ಷರಗಳು ಚಿಕ್ಕ ಹದ್ದಿನ ಕಾಲದಲ್ಲಷ್ಟೇ ಸಿಗುತ್ತವೆ. ದೊಡ್ಡ ಹದ್ದಿನ ಫೆನಿಗ್ ಮೇಲೆ ಬಿ ಅಕ್ಷರ ಕಂಡರೆ ಕೊಳ್ಳುವ ಮಾತು ಬಿಡಿ, ಆ ಮಾರಾಟಗಾರನ ಉಳಿದ ಸರಕನ್ನೂ ಮತ್ತೊಮ್ಮೆ ನೋಡಿ.

ಕೊಳ್ಳುವಾಗ ಕೈಯಲ್ಲಿರಬೇಕಾದ ಅಳತೆಗಳು ಇವು:

1 ಫೆನಿಗ್: ಕಂಚು, 2 ಗ್ರಾಂ, 17.5 ಮಿ.ಮೀ.
2 ಫೆನಿಗ್: ಕಂಚು, 3.33 ಗ್ರಾಂ, 20 ಮಿ.ಮೀ.
5 ಫೆನಿಗ್: ತಾಮ್ರ-ನಿಕ್ಕಲ್, 2.5 ಗ್ರಾಂ, 18 ಮಿ.ಮೀ.
10 ಫೆನಿಗ್: ತಾಮ್ರ-ನಿಕ್ಕಲ್, 4 ಗ್ರಾಂ, 21 ಮಿ.ಮೀ.
20 ಫೆನಿಗ್ ಬೆಳ್ಳಿ: 1.11 ಗ್ರಾಂ, 16 ಮಿ.ಮೀ.
20 ಫೆನಿಗ್ ತಾಮ್ರ-ನಿಕ್ಕಲ್: 6.25 ಗ್ರಾಂ, 23 ಮಿ.ಮೀ.
25 ಫೆನಿಗ್: ಶುದ್ಧ ನಿಕ್ಕಲ್, 4 ಗ್ರಾಂ, 23 ಮಿ.ಮೀ.
50 ಫೆನಿಗ್ ಮತ್ತು ಅರ್ಧ ಮಾರ್ಕ್: ಬೆಳ್ಳಿ, 2.77 ಗ್ರಾಂ, 20 ಮಿ.ಮೀ.

ಜರ್ಮನ್ ವ್ಯಾಪಾರಿಗಳು ಪ್ರತಿ ಬಗೆಯನ್ನೂ ಯೇಗರ್ ಎಂಬ ನಾಣ್ಯಪಟ್ಟಿಯ ಸಂಖ್ಯೆಯಿಂದ ಕರೆಯುತ್ತಾರೆ. ಚಿಕ್ಕ ಹದ್ದಿನ ಒಂದು ಫೆನಿಗ್ ಯೇಗರ್ 1, ದೊಡ್ಡ ಹದ್ದಿನದು ಯೇಗರ್ 10, ಅರ್ಧ ಮಾರ್ಕ್ ಯೇಗರ್ 16. ಭಾಷೆ ಬಾರದಿದ್ದರೂ ಸಂಖ್ಯೆ ಹೇಳಿದರೆ ವ್ಯವಹಾರ ನಡೆಯುತ್ತದೆ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಮೊದಲನೆಯದು, ಸಂಗ್ರಹ ಮುಗಿಯುತ್ತದೆಯೇ ಎಂಬುದು. ಇಪ್ಪತ್ತು ನಾಣ್ಯದ ಗುರಿ ಒಂದೆರಡು ವರ್ಷದಲ್ಲಿ ಮುಟ್ಟುತ್ತದೆ. ನೂರರ ಮೇಲಿನ ಗುರಿಯಲ್ಲಿ ಕೊನೆಯ ಐದಾರು ನಾಣ್ಯಕ್ಕೆ ಉಳಿದೆಲ್ಲದರಷ್ಟು ಹಣ ಬೇಕಾಗಬಹುದು. ಅದರ ಬೆನ್ನಿಗೇ ಬರುವುದು ಆ ದುಬಾರಿ ನಾಣ್ಯ ಎಲ್ಲಿದೆ ಎಂಬ ಪ್ರಶ್ನೆ. ಶುರುಮಾಡುವ ಮುನ್ನ ದಾರಿಯ ಅತಿ ಕಷ್ಟದ ಎರಡು ನಾಣ್ಯಗಳ ಬೆಲೆ ನೋಡಿ. ಅವನ್ನು ಎಂದಾದರೂ ಕೊಳ್ಳುವ ಮನಸ್ಸಿಲ್ಲ ಎಂದಾದರೆ ಆ ದಾರಿ ನಿಮ್ಮದಲ್ಲ, ಅಥವಾ ಅವನ್ನು ಹೊರಗಿಟ್ಟು ಗುರಿಯನ್ನು ಈಗಲೇ ಚಿಕ್ಕದು ಮಾಡಿಕೊಳ್ಳಿ.

ಲೋಹ ನಿಮ್ಮ ಮನೆಯಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟುಟ್‌ಗಾರ್ಟ್‌ನ ಫ್ಲ್ಯಾಟಿನಲ್ಲಿ ನೂರು ವರ್ಷ ತಣ್ಣಗಿದ್ದ ಕಬ್ಬಿಣದ ಕಾಸು ಮಂಗಳೂರಿನ ಒಂದು ಮಳೆಗಾಲಕ್ಕೆ ಕಂದು ಬಣ್ಣಕ್ಕೆ ತಿರುಗಬಹುದು.

ಕೊನೆಯದು ದರ್ಜೆ. ಜರ್ಮನ್ ಪಟ್ಟಿಗಳಲ್ಲಿ ಇದನ್ನು ಅಕ್ಷರಗಳಲ್ಲಿ ಬರೆಯುತ್ತಾರೆ. ಎಸ್ ಅಂದರೆ ಶ್ಯೋನ್. ಪದದ ಅರ್ಥ ಚೆಂದ ಎಂದಾದರೂ ನಾಣ್ಯ ಚೆನ್ನಾಗಿಯೇ ಸವೆದಿರುತ್ತದೆ. ಎಸ್‌ಎಸ್ ಅಂದರೆ ಚಲಾವಣೆಯಲ್ಲಿದ್ದರೂ ಹದ್ದಿನ ಗರಿಗಳ ಮುಖ್ಯ ಗೆರೆಗಳು ಉಳಿದಿರುವಂಥದ್ದು. ವಿಝೆಡ್ ಅಂದರೆ ಎತ್ತರದ ಜಾಗಗಳಲ್ಲಿ ಮಾತ್ರ ತುಸು ಉಜ್ಜಿದ ಗುರುತು. ಎಸ್‌ಟಿ ಅಂದರೆ ಟಂಕಸಾಲೆಯ ಹೊಳಪು ಹಾಗೇ ಉಳಿದದ್ದು. ಎಸ್‌ಎಸ್‌ನಿಂದ ಎಸ್‌ಟಿಗೆ ಹೋದರೆ ಒಂದೆರಡು ಯೂರೋದ ನಾಣ್ಯವೇ ಹತ್ತಾರು ಯೂರೋ ಆಗುತ್ತದೆ. ಇಡೀ ಸಂಗ್ರಹಕ್ಕೆ ಒಂದೇ ದರ್ಜೆ ಹಿಡಿಯಿರಿ. ಥಳಥಳಿಸುವ ಐದು ನಾಣ್ಯದ ನಡುವೆ ನುಣ್ಣಗೆ ಸವೆದ ಹತ್ತು ಕೂತರೆ ಎರಡೂ ಸೊಗಸು ಕಳೆದುಕೊಳ್ಳುತ್ತವೆ.

ಬಗೆಗೊಂದು ನಾಣ್ಯ

ಒಂದು ಮಾರ್ಕ್ ಬಿಟ್ಟು ಅದರ ಕೆಳಗಿನ ಶಾಂತಿಕಾಲದ ಬಗೆಗಳು ಒಟ್ಟು 16. ಒಂದು, ಎರಡು, ಐದು, ಹತ್ತು ಫೆನಿಗ್‌ಗಳಲ್ಲಿ ಎರಡೆರಡು, ಚಿಕ್ಕ ಹದ್ದು ಮತ್ತು ದೊಡ್ಡ ಹದ್ದು. ಇಪ್ಪತ್ತರಲ್ಲಿ ಒಂದು ಬೆಳ್ಳಿ, ಎರಡು ತಾಮ್ರ-ನಿಕ್ಕಲ್. ಇಪ್ಪತ್ತೈದರದು ಒಂದು. ಬೆಳ್ಳಿಯ 50 ಫೆನಿಗ್ ಮೂರು, ಅರ್ಧ ಮಾರ್ಕ್ ಒಂದು. ಯುದ್ಧಕಾಲದ ನಾಲ್ಕನ್ನು ಸೇರಿಸಿದರೆ 20. ಒಂದು ಮಾರ್ಕ್‌ನ ಎರಡು ಬಗೆಯೂ ಬೇಕೆಂದರೆ 22.

ಇಪ್ಪತ್ತೆರಡೇ ಬಿಲ್ಲೆಗಳಲ್ಲಿ ಕಂಚು, ಬೆಳ್ಳಿ, ನಿಕ್ಕಲ್, ಕಬ್ಬಿಣ, ಸತು, ಅಲ್ಯೂಮಿನಿಯಂ ಎಲ್ಲವೂ ಬರುತ್ತವೆ, ಒಂದು ಆರ್ಥಿಕತೆ ಏರಿ ಕುಸಿದ ಕಥೆ ಒಂದೇ ಹಾಳೆಯಲ್ಲಿ ಕೂರುತ್ತದೆ. ಇಪ್ಪತ್ತು ಫೆನಿಗ್ ಒಂದನ್ನೇ ನೋಡಿ. 1873ರಿಂದ 1877ರವರೆಗಿನ ಬೆಳ್ಳಿಯದು ಬೆರಳ ತುದಿಯಷ್ಟು ಪುಟ್ಟದು. ಒದ್ದೆ ಕೈಯಲ್ಲಿ ಹಿಡಿದರೆ ಅಂಟಿಕೊಂಡು ಬರುತ್ತದೆ, ಜೇಬಿನ ಮೂಲೆ ಸೇರಿದರೆ ಸಿಗುವುದಿಲ್ಲ. ಅದಕ್ಕೆ ಬದಲಾಗಿ 1887ರಲ್ಲಿ ಬಂದದ್ದು ದಪ್ಪನೆಯ 23 ಮಿ.ಮೀ. ಬಿಲ್ಲೆ, 1892ರ ಇಸವಿಯ ನಂತರ ಅದನ್ನೂ ಟಂಕಿಸಲಿಲ್ಲ. 1909ರಲ್ಲಿ 25 ಫೆನಿಗ್ ಬಂದು 1912ಕ್ಕೇ ನಿಂತಿತು. ಒಂದು ಮಾರ್ಕ್‌ನ ವ್ಯಾಸ 24 ಮಿ.ಮೀ., ಇದರದು 23, ಎರಡೂ ಬಿಳಿ ಲೋಹ. ಮುಸ್ಸಂಜೆಯ ಅಂಗಡಿಯಲ್ಲಿ ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡಿದ್ದೀರೆಂದು ಊಹಿಸಿಕೊಳ್ಳಿ, ಜನ ಅದನ್ನು ಯಾಕೆ ಒಲ್ಲೆ ಎಂದರೆಂದು ತಿಳಿಯುತ್ತದೆ.

ಈ ದಾರಿಯ ಮುಳ್ಳು 50 ಫೆನಿಗ್. 1875ರಿಂದ 77ರವರೆಗಿನ ಮೊದಲ ಬಗೆ ಸುಲಭ. 1877 ಮತ್ತು 78ರ ಎರಡನೆಯ ಬಗೆ, ಎಲೆಮಾಲೆ ಸೇರಿಸಿದ್ದು, ಕಷ್ಟ. ಮೂರನೆಯದು, ಯೇಗರ್ 15, ನಿಜಕ್ಕೂ ದುಬಾರಿ. ಅದನ್ನು ಟಂಕಿಸಿದ್ದೇ ಆರು ಸಲ: 1896, 1898, 1901, 1903ರಲ್ಲಿ ಬರ್ಲಿನ್, 1900ರಲ್ಲಿ ಹ್ಯಾಂಬರ್ಗ್, 1902ರಲ್ಲಿ ಸ್ಟುಟ್‌ಗಾರ್ಟ್. ಬಜೆಟ್ಟಿನ ದೊಡ್ಡ ಪಾಲು ಈ ಒಂದು ನಾಣ್ಯಕ್ಕೇ ಹೋಗುತ್ತದೆ. ಅದರ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಎಸ್‌ಎಸ್ ಮತ್ತು ವಿಝೆಡ್ ನಡುವೆ ಕೂಡಿಸುವುದು ಸರಿಯಾದ ಕ್ರಮ. ಸವೆದು ಸಪಾಟಾದ ಯೇಗರ್ 15 ಕೊಂಡು ಜಾಗ ತುಂಬಿದರೆ, ಮುಂದೆ ಒಳ್ಳೆಯದು ಸಿಕ್ಕಾಗ ಹಳೆಯದನ್ನು ಮಾರುವುದು ತಲೆನೋವು.

ಒಂದೇ ಮೌಲ್ಯ, ಎಲ್ಲ ಇಸವಿ

ಹುಡುಕಾಟವೇ ಖುಷಿ ಎನ್ನುವವರ ದಾರಿ ಇದು. ದೊಡ್ಡ ಹದ್ದಿನ ಒಂದು ಫೆನಿಗ್ 1890ರಿಂದ 1916ರವರೆಗೆ, ಆರು ಟಂಕಸಾಲೆಗಳಲ್ಲಿ ನಡೆಯಿತು. ಪ್ರತಿ ವರ್ಷವೂ ಪ್ರತಿ ಊರಿನದೂ ಇಲ್ಲವಾದರೂ ಪಟ್ಟಿ ನೂರು ದಾಟುತ್ತದೆ. ಮೊದಲ ಎಪ್ಪತ್ತು ಎಂಬತ್ತು ಚಿಲ್ಲರೆ ಡಬ್ಬಿಗಳಿಂದಲೇ ಬರುತ್ತವೆ, ಆಮೇಲೆ ಓಟ ನಿಧಾನವಾಗುತ್ತದೆ, ಕೊನೆಗೆ 1902 ಜೆ ಗೋಡೆಯಂತೆ ನಿಂತಿರುತ್ತದೆ.

ಆ ಗೋಡೆ ಬೇಡ ಎನ್ನುವವರಿಗೆ ಎರಡು ಫೆನಿಗ್ ಹೇಳಿಮಾಡಿಸಿದ್ದು. 1873ರಿಂದ 77ರವರೆಗೆ ಒಂದು ಕಂತು, ನಡುವೆ ಕಾಲು ಶತಮಾನದ ಬಿಡುವು, ಮತ್ತೆ 1904ರಿಂದ 1916. ಎರಡನೆಯ ಕಂತನ್ನಷ್ಟೇ ಗುರಿ ಮಾಡಿಕೊಂಡರೆ ಸಣ್ಣ ಬಜೆಟ್ಟಿನಲ್ಲಿ ಬಹಳ ದೂರ ಹೋಗಬಹುದು. ಬಿಲ್ಲೆ ಒಂದು ಫೆನಿಗ್‌ಗಿಂತ ದೊಡ್ಡದಾದ್ದರಿಂದ ಅಕ್ಷರ ಓದುವುದೂ ಸಲೀಸು.

ಐದು ಮತ್ತು ಹತ್ತು ಫೆನಿಗ್‌ಗಳ ಅನುಕೂಲ ಲೋಹದ್ದು. 75 ಪಾಲು ತಾಮ್ರಕ್ಕೆ 25 ಪಾಲು ನಿಕ್ಕಲ್ ಬೆರೆತ ಈ ಮಿಶ್ರಣ ಕಂಚಿನಂತೆ ಕಿಲುಬು ಹಿಡಿಯುವುದಿಲ್ಲ, ಬೆಳ್ಳಿಯಂತೆ ಕಪ್ಪಾಗುವುದಿಲ್ಲ. ಕರಾವಳಿಯವರಿಗೆ ಇವೇ ಸೂಕ್ತ. ಹತ್ತು ಫೆನಿಗ್ ಸರಣಿಯ ಕೊನೆಯಲ್ಲಿ 1916 ಡಿ ಎಂಬ ಅಪರೂಪದ ನಾಣ್ಯ ಕೂತಿದೆ; ಆ ಹೊತ್ತಿಗೆ ಕಬ್ಬಿಣದ ಹತ್ತು ಬಂದಾಗಿತ್ತು. 1915ಕ್ಕೆ ಗೆರೆ ಎಳೆದರೆ ಮರ್ಯಾದೆಯಿಂದ ಮುಗಿಯುತ್ತದೆ.

ಅಪರೂಪದ ಇಸವಿಗಳಲ್ಲಿ ಮೋಸ ನಡೆಯುವುದು ಇಸವಿ ಮತ್ತು ಅಕ್ಷರದ ಮೇಲೆ. ಬೇರೆ ಅಕ್ಷರವನ್ನು ಕೆರೆದು ಜೆ ಮಾಡುವುದು, ಅಂಕಿಯೊಂದನ್ನು ತಿದ್ದುವುದು, ಅಕ್ಷರ ಅಂಟಿಸುವುದು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಕ್ಷರದ ಸುತ್ತಲಿನ ನೆಲ ನೋಡಿ. ಅಲ್ಲಿ ಮಾತ್ರ ಗೀರುಗಳಿವೆಯೇ, ತಗ್ಗಾಗಿದೆಯೇ, ಬಣ್ಣ ಬೇರೆಯೇ, ಅಕ್ಷರದ ಬುಡದಲ್ಲಿ ಗೆರೆ ಕಾಣುತ್ತದೆಯೇ ಎಂದು ಪರೀಕ್ಷಿಸಿ. ಟಂಕಿಸಿದ ಅಕ್ಷರ ಬಿಲ್ಲೆಯಿಂದಲೇ ಎದ್ದು ಬಂದಂತಿರುತ್ತದೆ. ಅದರ ಸವೆತ ಪಕ್ಕದ ಗರಿಗಳ ಸವೆತಕ್ಕೆ ಹೊಂದಬೇಕು. ನೂರಾರು ಯೂರೋದ ನಾಣ್ಯವನ್ನು ಫೋಟೋ ನೋಡಿ ಅಪರಿಚಿತರಿಂದ ಕೊಳ್ಳುವುದು ಬೇಡವೇ ಬೇಡ. ಅಸಲಿತನಕ್ಕೆ ಲಿಖಿತ ಖಾತರಿ ಕೊಡುವ ಹರಾಜು ಸಂಸ್ಥೆಗಳಿವೆ, ಖರೀದಿದಾರರ ಶುಲ್ಕ ಹೆಚ್ಚಾದರೂ ಅಲ್ಲಿಂದಲೇ ಕೊಳ್ಳಿ.

ಟಂಕಸಾಲೆಗಳ ಬೆನ್ನು ಹತ್ತಿ

1875ರ ಹೊತ್ತಿಗೆ ಹ್ಯಾಂಬರ್ಗ್ ಸೇರಿ ಒಂಬತ್ತೂ ಟಂಕಸಾಲೆಗಳು ಕೆಲಸದಲ್ಲಿದ್ದವು. ಚಿಕ್ಕ ಹದ್ದಿನ ಒಂದು ಫೆನಿಗ್‌ನಲ್ಲಿ ಎಯಿಂದ ಜೆವರೆಗೆ ಒಂಬತ್ತು ಅಕ್ಷರ ಕೂಡಿಸುವುದು ಚಿಕ್ಕದಾದರೂ ಚೊಕ್ಕ ಗುರಿ. ಇಸವಿ ಯಾವುದಾದರೂ ಆಗಲಿ ಎಂದರೆ ಖರ್ಚು ಕಡಿಮೆ, ಒಂದೇ ಇಸವಿಯ ಒಂಬತ್ತು ಬೇಕೆಂದರೆ ಹೆಚ್ಚು.

ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸುಖವಿದೆ. ಎ, ಡಿ, ಎಫ್, ಜಿ, ಜೆ ಅಕ್ಷರಗಳು ಇಂದಿನ ಜರ್ಮನ್ ಯೂರೋ ನಾಣ್ಯಗಳ ಮೇಲೂ ಅದೇ ಊರುಗಳನ್ನು ಸೂಚಿಸುತ್ತವೆ. ಬೇಕರಿಯಲ್ಲಿ ಸಿಕ್ಕ ಚಿಲ್ಲರೆಯನ್ನೂ 1880ರ ದಶಕದ ಹತ್ತು ಫೆನಿಗ್ ಬಿಲ್ಲೆಯನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಬಹುದು. ವಾಸವಿರುವ ಊರಿನ ಅಕ್ಷರದ ನಾಣ್ಯಗಳನ್ನೇ ಎಲ್ಲ ಮೌಲ್ಯಗಳಲ್ಲಿ ಹುಡುಕುವವರೂ ಇದ್ದಾರೆ. ಬರ್ಲಿನ್ನಿನವರಿಗೆ ಅದು ಸುಲಭ, ಕಾರ್ಲ್ಸ್‌ರೂಹೆಯವರಿಗೆ ಅಷ್ಟಿಲ್ಲ. ಬರ್ಲಿನ್ ಹೆಚ್ಚು ಟಂಕಿಸಿತು, ಕಾರ್ಲ್ಸ್‌ರೂಹೆ ಕಡಿಮೆ.

ಇದಕ್ಕೂ ಚಿಕ್ಕದು ಬೇಕೆಂದರೆ 1888. ಆ ವರ್ಷ ಒಂದನೆಯ ವಿಲ್ಹೆಲ್ಮ್ ತೀರಿಕೊಂಡ, ಮಗ ಮೂರನೆಯ ಫ್ರೀಡ್ರಿಕ್ 99 ದಿನ ಆಳಿ ಹೋದ, ಮೊಮ್ಮಗ ಎರಡನೆಯ ವಿಲ್ಹೆಲ್ಮ್ ಪಟ್ಟಕ್ಕೆ ಬಂದ. ಮೂವರು ಕೈಸರ್‌ಗಳ ಆ ವರ್ಷದ 1, 5, 10, 20 ಫೆನಿಗ್ ನಾಲ್ಕು ನಾಣ್ಯ, ಒಂದು ಪುಟ್ಟ ಚೌಕಟ್ಟು. ಉಡುಗೊರೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಈ ಕ್ಷೇತ್ರದಲ್ಲಿ ಕಡಿಮೆ.

ಬೆಳ್ಳಿ ಮಾತ್ರ

ಕಾಯ್ದೆಯ ಪ್ರಕಾರ 500 ಗ್ರಾಂ ಶುದ್ಧ ಬೆಳ್ಳಿಯಿಂದ 100 ಮಾರ್ಕ್. ಅಂದರೆ ಒಂದು ಮಾರ್ಕ್‌ನಲ್ಲಿ 5 ಗ್ರಾಂ, ಅರ್ಧ ಮಾರ್ಕ್‌ನಲ್ಲಿ ಎರಡೂವರೆ, 20 ಫೆನಿಗ್‌ನಲ್ಲಿ ಸರಿಯಾಗಿ ಒಂದು ಗ್ರಾಂ ಶುದ್ಧ ಬೆಳ್ಳಿ. ಮಿಕ್ಕ ಹತ್ತನೇ ಒಂದು ಪಾಲು ತಾಮ್ರ. ಲೋಹದ ಬೆಲೆ ಇರುವುದರಿಂದ ಹಣ ಪೂರ್ತಿ ಮುಳುಗುವುದಿಲ್ಲ ಎಂಬ ಸಮಾಧಾನ ಇದೆ. ಆದರೆ ಬೆಳ್ಳಿ ಏರಿದಾಗ ಸಾಮಾನ್ಯ ಅರ್ಧ ಮಾರ್ಕ್ ಕೂಡ ಏರುತ್ತದೆ, ಆಗ ಕೊಂಡರೆ ನೀವು ಕೊಟ್ಟದ್ದು ನಾಣ್ಯಕ್ಕಲ್ಲ, ಲೋಹಕ್ಕೆ.

1905ರಿಂದ 1919ರವರೆಗಿನ ಅರ್ಧ ಮಾರ್ಕ್ ಒಂದೇ ಒಂದು ಒಳ್ಳೆಯ ಸರಣಿಯಾಗುತ್ತದೆ. ಯುದ್ಧದ ಕೊನೆಯ ವರ್ಷಗಳದು ಕಪ್ಪಗೆ ಕಂಡರೆ ಗಾಬರಿಯಾಗಬೇಡಿ. ಜನ ಬೆಳ್ಳಿಯನ್ನು ಬಚ್ಚಿಡಬಾರದೆಂದು ಟಂಕಸಾಲೆಯೇ ಕಪ್ಪು ಮಾಡಿ ಹೊರಬಿಟ್ಟಿತು. ಆ ಕಪ್ಪನ್ನು ಉಜ್ಜಿ ಬೆಳ್ಳಗೆ ಮಾಡಿದರೆ ನಾಣ್ಯದ ಚರಿತ್ರೆಯನ್ನೇ ಉಜ್ಜಿದ ಹಾಗೆ, ಬೆಲೆಯೂ ಇಳಿಯುತ್ತದೆ.

ಬೆಳ್ಳಿಯ ದೊಡ್ಡ ದೋಷ ಒಡವೆಯದು. ಬವೇರಿಯಾದಲ್ಲಿ ಚರ್ಮದ ಚಡ್ಡಿಯ ಮುಂದೆ ತೂಗುವ ಶಾರಿವಾರಿ ಸರಕ್ಕೆ, ಬಳೆಗೆ, ಪದಕಕ್ಕೆ ಇವನ್ನು ಬೆಸುಗೆ ಹಾಕುತ್ತಿದ್ದರು. ಕೊಂಡಿ ಕಿತ್ತ ಮೇಲೆ ಅಂಚಿನ ಗೀರುಗಳು ಅಲ್ಲಿ ಮಾತ್ರ ಅಳಿಸಿಹೋಗಿರುತ್ತವೆ. ಮಾರಾಟಗಾರ ಎರಡು ಮುಖದ ಫೋಟೋ ಕೊಟ್ಟರೆ ಅಂಚಿನದೂ ಕೇಳಿ. ಹನ್ನೆರಡು ಗಂಟೆಯ ಜಾಗದಲ್ಲಿ ನುಣುಪು ಚುಕ್ಕೆ ಕಂಡರೆ ಲೋಹದ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬೇಡಿ.

ಯುದ್ಧಕಾಲದ ಕಾಸು

ಒಂದನೇ ಮಹಾಯುದ್ಧದಲ್ಲಿ ನಿಕ್ಕಲ್ ಉಕ್ಕಿಗೆ, ತಾಮ್ರ ಮದ್ದುಗುಂಡಿಗೆ ಬೇಕಾಯಿತು. ಚಿಲ್ಲರೆಗೆ ಉಳಿದದ್ದು ಅಗ್ಗದ ಲೋಹ. 1915ರಿಂದ ಕಬ್ಬಿಣದ ಐದು, 1916ರಿಂದ ಕಬ್ಬಿಣದ ಹತ್ತು, 1917ರಿಂದ ಸತುವಿನ ಹತ್ತು, ಜೊತೆಗೆ ಒಂದು ಗ್ರಾಂಗೂ ಕಡಿಮೆ ತೂಗುವ ಅಲ್ಯೂಮಿನಿಯಂ ಒಂದು ಫೆನಿಗ್. ಬೆಲೆಯಲ್ಲಿ ಇವಕ್ಕಿಂತ ಅಗ್ಗದ ದಾರಿಯಿಲ್ಲ. ನೂರು ವರ್ಷ ದಾಟಿದ ನಾಣ್ಯ ಒಂದು ಚಹಾದ ಬೆಲೆಗೆ ಸಿಗುತ್ತದೆ.

ಇಲ್ಲಿ ಗೆರೆ ಎಲ್ಲಿ ಎಳೆಯುವುದು ಎಂಬುದನ್ನು ಮೊದಲೇ ನಿರ್ಧರಿಸಬೇಕು. 1918ರ ನವೆಂಬರಿನಲ್ಲಿ ಕೈಸರ್ ಹೋದ, ಗಣರಾಜ್ಯ ಬಂತು, ಆದರೆ ಕಬ್ಬಿಣ ಮತ್ತು ಸತುವಿನ ನಾಣ್ಯಗಳು ಕಿರೀಟದ ಹದ್ದನ್ನು ಹೊತ್ತು 1922ರವರೆಗೂ ಟಂಕಿತವಾದವು. ದೇಶದ ಅಧಿಕೃತ ಹೆಸರು ಡಾಯ್ಚೆಸ್ ರೈಶ್ ಎಂದೇ ಉಳಿದಿದ್ದರಿಂದ ಬರಹವೂ ಬದಲಾಗಲಿಲ್ಲ. ಕೈಸರ್ ಕಾಲದ ಸಂಗ್ರಹವೆಂದರೆ 1918ಕ್ಕೆ ನಿಲ್ಲಿಸುವುದು ಸರಿ. ಅಚ್ಚಿನ ಸಂಗ್ರಹವೆಂದರೆ 1922.

ಹತ್ತು ಫೆನಿಗ್‌ಗಳಲ್ಲಿ ಕಬ್ಬಿಣ ಯಾವುದು, ಸತು ಯಾವುದು ಎಂಬ ಗೊಂದಲಕ್ಕೆ ಅಯಸ್ಕಾಂತ ಸಾಕು. ಕಬ್ಬಿಣ ಅಂಟುತ್ತದೆ, ಸತು ಅಂಟುವುದಿಲ್ಲ. ಅದೇ ಅಯಸ್ಕಾಂತಕ್ಕೆ 25 ಫೆನಿಗ್ ಕೂಡ ಅಂಟಬೇಕು, ಅದು ಶುದ್ಧ ನಿಕ್ಕಲ್. ಶಾಂತಿಕಾಲದ ಐದು, ಹತ್ತು ಅಂಟಬಾರದು, ಬೆಳ್ಳಿಯಂತೂ ಅಂಟಲೇಬಾರದು.

ಕಷ್ಟ ಬರುವುದು ಬಾಳಿಕೆಯಲ್ಲಿ. ಕಬ್ಬಿಣಕ್ಕೆ ಸತುವಿನ ತೆಳು ಲೇಪವಿದ್ದರೂ ಅದು ಸವೆದ ಕಡೆ ತುಕ್ಕು ಮೊಳೆಯುತ್ತದೆ, ಒಮ್ಮೆ ಹಿಡಿದರೆ ಒಳಗೇ ಹರಡುತ್ತದೆ. ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಒರೆಸಿದರೆ ಅಡಿಯಲ್ಲಿ ಗುಳಿ. ಅಗ್ಗವೆಂದು ನೂರು ಕೊಳ್ಳುವ ಬದಲು ಇಸವಿಗೊಂದು, ಬೂದುಬಣ್ಣದ ಮೂಲ ಮೈ ಉಳಿದಿರುವುದನ್ನು ಆರಿಸಿ ಎಂಟು ಹತ್ತು ಕೊಳ್ಳಿ. ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಈ ದಾರಿಯನ್ನು ಸೂಚಿಸಲಾರೆ. ಬಯಲುಸೀಮೆಯ ಒಣಹವೆಯಲ್ಲಿ ಅಡ್ಡಿಯಿಲ್ಲ.

ರೂಪಾಯಿಯ ನಂಟು: ಪೂರ್ವ ಆಫ್ರಿಕಾ

ಭಾರತದ ನಾಣ್ಯಗಳಿಂದ ಹವ್ಯಾಸಕ್ಕೆ ಬಂದವರಿಗೆ ಜರ್ಮನ್ ಪೂರ್ವ ಆಫ್ರಿಕಾ ಹತ್ತಿರದ ಬಾಗಿಲು. ಆ ಕರಾವಳಿಯಲ್ಲಿ ನಮ್ಮ ರೂಪಾಯಿ ಚಲಾವಣೆಯಲ್ಲಿದ್ದುದರಿಂದ ಜರ್ಮನ್ ಕಂಪನಿ 1890ರಲ್ಲಿ ಅದೇ ತೂಕದ ರೂಪಾಯಿಯನ್ನೂ, ನಮ್ಮ ಕಾಲಾಣೆಯನ್ನೇ ಹೋಲುವ ಪೆಸಾವನ್ನೂ ತಂದಿತು. ಒಂದು ಕಡೆ ಹದ್ದು, ಇನ್ನೊಂದು ಕಡೆ ಅರಬ್ಬೀ ಬರಹ, ಹಿಜರಿ 1307ರಿಂದ 1309. ರೂಪಾಯಿಗೆ 64 ಪೆಸಾ, ನಮ್ಮ 64 ಪೈಸೆಯ ಹಾಗೆಯೇ. 1904ರಿಂದ ಅದು ರೂಪಾಯಿಗೆ 100 ಹೆಲ್ಲರ್ ಆಯಿತು, 15 ರೂಪಾಯಿಗೆ 20 ಮಾರ್ಕ್.

ಪೆಸಾ ಮತ್ತು ಒಂದು ಹೆಲ್ಲರ್ ಕೈಗೆಟುಕುವ ಬೆಲೆಯವು. ನಡುವೆ ತೂತಿರುವ ಐದು ಮತ್ತು ಹತ್ತು ಹೆಲ್ಲರ್ ಸ್ವಲ್ಪ ಮೇಲೆ, 1908-09ರ 37 ಮಿ.ಮೀ.ನ ಭಾರೀ ಕಂಚಿನ ಐದು ಹೆಲ್ಲರ್ ಇನ್ನೂ ಮೇಲೆ. 1916ರಲ್ಲಿ ಅಲ್ಲಿನ ಟಬೋರಾ ಊರಿನಲ್ಲಿ ತುರ್ತಾಗಿ ಮಾಡಿದ ಐದು ಮತ್ತು ಇಪ್ಪತ್ತು ಹೆಲ್ಲರ್‌ಗಳು ಒರಟು, ಅಚ್ಚು ಅಸ್ಪಷ್ಟ. ಅವುಗಳ ದರ್ಜೆ ಹೇಳಲು ಅನುಭವ ಬೇಕು, ಮೊದಲ ವರ್ಷ ಅವನ್ನು ಮುಟ್ಟಬೇಡಿ. ಇನ್ನೊಂದು ಜರ್ಮನ್ ವಸಾಹತಾಗಿದ್ದ ನ್ಯೂಗಿನಿಯ 1894ರ ತಾಮ್ರದ ಹತ್ತು ಫೆನಿಗ್ ಮೇಲಿನ ಸ್ವರ್ಗದ ಹಕ್ಕಿ ಇಡೀ ಜರ್ಮನ್ ಚಿಲ್ಲರೆಯಲ್ಲಿ ಅತಿ ಚೆಲುವಿನದು, ಬೆಲೆಯೂ ಹಾಗೇ ಇದೆ.

ಕೊಳ್ಳುವಾಗ, ತರಿಸುವಾಗ

ಜರ್ಮನಿಯಲ್ಲಿ ಇರುವವರಿಗೆ ಹಳೇ ಸಾಮಾನಿನ ಸಂತೆಗಳಿಗಿಂತ ನಾಣ್ಯ ವ್ಯಾಪಾರಿಗಳ ಮೇಳಗಳು ಮೇಲು. ಡಬ್ಬಿಗಳಲ್ಲಿ ಕೈಯಾಡಿಸಿ, ಇಸವಿ ನೋಡಿ ಆರಿಸಬಹುದು. ಕಿಲೋ ಲೆಕ್ಕದ ಚೀಲಗಳಲ್ಲಿ ಬಹುಪಾಲು ಬರುವುದು ಎರಡನೇ ಮಹಾಯುದ್ಧದ ನಂತರದ ಫೆನಿಗ್‌ಗಳು, ಕೈಸರ್ ಕಾಲದವು ಬೆರಳೆಣಿಕೆ.

ಭಾರತಕ್ಕೆ ತರಿಸುವವರು ಒಂದನ್ನು ನೆನಪಿಡಬೇಕು. ನಮ್ಮ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ, ಖಾಸಗಿಯವರು ಅಂಥದ್ದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಅಂದರೆ ಇಲ್ಲಿಗೆ ಬಂದ ಮೇಲೆ ನಕಲಿ ಎಂಬ ಅನುಮಾನ ಹುಟ್ಟಿದರೂ ವಾಪಸ್ ಕಳುಹಿಸುವುದು ಸರಳವಲ್ಲ. ಆದ್ದರಿಂದ ದುಬಾರಿ ನಾಣ್ಯದ ತೂಕ, ಅಂಚು, ಅಕ್ಷರದ ಹತ್ತಿರದ ಫೋಟೋ ಎಲ್ಲವನ್ನೂ ಹಣ ಕಟ್ಟುವ ಮುಂಚೆ ಕೇಳಿ ಪಡೆಯಿರಿ. ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಎರಡು ಯೂರೋದ ಕಾಸು ಹತ್ತು ಪಟ್ಟು ಬೀಳುತ್ತದೆ. ಒಬ್ಬರೇ ವ್ಯಾಪಾರಿಯಿಂದ ಒಂದೇ ಸಲ ಇಪ್ಪತ್ತು ಮೂವತ್ತು ತರಿಸುವುದು ಲೇಸು.

ಬಂದ ನಾಣ್ಯವನ್ನು ತೊಳೆಯುವ ಆಸೆ ಅದುಮಿಕೊಳ್ಳಿ. ಮನೆಯ ತಾಮ್ರದ ಚೊಂಬಿಗೆ ಹುಣಸೆಹಣ್ಣು ಸರಿ, ಫೆನಿಗ್‌ಗೆ ವಿಷ. ಹುಳಿ ಮೇಲಿನ ಪದರವನ್ನು ಕಿತ್ತು ನಾಣ್ಯವನ್ನು ಹಸಿ ಗುಲಾಬಿ ಬಣ್ಣಕ್ಕೆ ತರುತ್ತದೆ, ಆ ಬಣ್ಣ ನೋಡಿದ ಕೂಡಲೇ ತಿಳಿದವರು ಬೆಲೆ ಅರ್ಧಕ್ಕೆ ಇಳಿಸುತ್ತಾರೆ. ನಿಂಬೆ, ಹಲ್ಲುಪುಡಿ, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ. ಹಳೆಯ ಪ್ಲಾಸ್ಟಿಕ್ ಆಲ್ಬಂನಿಂದ ಬಂದ ಹಸಿರು ಜಿಗುಟಿದ್ದರೆ ಮಾತ್ರ ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ, ಹತ್ತು ನಿಮಿಷ ನೆನೆಸಿ, ಉಜ್ಜದೆ ಎತ್ತಿ ಆರಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ ಉರಿಯದಿರಲಿ. ಆ ಜಿಗುಟು ಪಿವಿಸಿ ಹಾಳೆಯಿಂದ ಬಂದದ್ದು. ಅದೇ ಬಗೆಯ ಆಲ್ಬಂಗೆ ಮತ್ತೆ ಹಾಕಿದರೆ ಮತ್ತೆ ಬರುತ್ತದೆ. ರಟ್ಟಿನ ಚೌಕಟ್ಟಿಗೆ ಪಾಲಿಯೆಸ್ಟರ್ ಹಾಳೆ ಇರುವ ಹೋಲ್ಡರ್ ಸಾಕು. ಅದರ ಸ್ಟೇಪಲ್ ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಂಟಿಸುವ ಬಗೆಯದನ್ನು ಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಜೂನ್‌ಗೆ ಮೊದಲು ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬದಲಿಸಿ.

ಹಾಗಾದರೆ ಯಾರಿಗೆ ಯಾವುದು

ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ತೆಗೆದಿಡುವವರು ಬಗೆಗೊಂದರಂತೆ ಶುರುಮಾಡಲಿ; ಯೇಗರ್ 8 (ಎರಡನೆಯ ಬಗೆಯ 50 ಫೆನಿಗ್), 14 (ದೊಡ್ಡ ಹದ್ದಿನ 20 ಫೆನಿಗ್), 15ರ ಜಾಗ ಖಾಲಿ ಇರಲಿ, ಮಿಕ್ಕ 13 ಎಸ್‌ಎಸ್‌ಗೆ ಕಡಿಮೆಯಿಲ್ಲದಂತೆ ಬರಲಿ. ಒಣಹವೆಯ ಊರಾದರೆ ಯುದ್ಧಕಾಲದ ನಾಲ್ಕನ್ನೂ ಸೇರಿಸಲಿ. ಜರ್ಮನಿಯಲ್ಲಿದ್ದು ವಾರಾಂತ್ಯ ಕೈಯಲ್ಲಿರುವವರಿಗೆ ಎರಡು ಫೆನಿಗ್‌ನ 1904-16ರ ಸರಣಿ, ಡಬ್ಬಿ ಹುಡುಕುವ ಸುಖ ಪೂರ್ತಿ ಸಿಗುತ್ತದೆ. ಕರಾವಳಿಯವರಿಗೆ ಐದು ಅಥವಾ ಹತ್ತು ಫೆನಿಗ್. ಮಕ್ಕಳ ಜೊತೆ ಕೂಡಿಸುವವರಿಗೆ ಒಂಬತ್ತು ಅಕ್ಷರ. ಬ್ರಿಟಿಷ್ ಇಂಡಿಯಾದ ಕಾಲಾಣೆ ಈಗಾಗಲೇ ಇರುವವರು ಅದರ ಪಕ್ಕಕ್ಕೆ ಒಂದು ಪೆಸಾ ತಂದಿಟ್ಟು ನೋಡಲಿ. ಕೈ ಸಡಿಲಾಗಿದ್ದು, ಐದಾರು ವರ್ಷ ಕಾಯಬಲ್ಲವರು ಒಂದು ಫೆನಿಗ್‌ನ ಪೂರ್ತಿ ಸರಣಿಗೆ ಇಳಿಯಲಿ, ಆದರೆ 1902 ಜೆಯನ್ನು ಕೊನೆಗೆ ಉಳಿಸಿಕೊಳ್ಳಲಿ. ಅಷ್ಟು ಹೊತ್ತಿಗೆ ನೂರು ಅಸಲಿ ಜೆಗಳನ್ನು ನೋಡಿ ಕಣ್ಣು ಪಳಗಿರುತ್ತದೆ.

ಯಾವ ದಾರಿಯಾದರೂ ಮೊದಲು ಕೊಳ್ಳಬೇಕಾದವು ಮೂರು: 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಹತ್ತು ಪಟ್ಟಿನ ಭೂತಗನ್ನಡಿ, ಒಂದು ಅಯಸ್ಕಾಂತ. ಆಮೇಲೆ ಸಾಮಾನ್ಯ ಇಸವಿಯ ಹತ್ತು ಫೆನಿಗ್ ಒಂದನ್ನು ಎಸ್, ಎಸ್‌ಎಸ್, ವಿಝೆಡ್ ಮೂರು ದರ್ಜೆಯಲ್ಲೂ ಕೊಂಡು ಪಕ್ಕಪಕ್ಕ ಇಟ್ಟುಕೊಳ್ಳಿ. ಮುಂದೆ ಫೋಟೋದಲ್ಲಿ ಕಾಣುವ ಪ್ರತಿ ಹದ್ದನ್ನೂ ಈ ಮೂರಕ್ಕೆ ಹೋಲಿಸಿ ನೋಡಬಹುದು.